ವಿನಿಫ್ರೆಡ್ ಕೈ ಎತ್ತಲಿಲ್ಲ

ಹ್ಯಾಲ್ಟನ್‌ಬ್ರಿಜ್ ಊರಿನ ಬಂಧುಗಳೇ, ತೀರಿಕೊಂಡ ಅಕ್ಕ ವಿನಿಫ್ರೆಡ್‌ಗಾಗಿ ಕೆನಡಾದಿಂದ ಹಡಗು ಹತ್ತಿ ಬಂದಿರುವ ಮೇಬಲ್ ಅವರೇ, ಎಲ್ಲರಿಗೂ ನಮಸ್ಕಾರ. ನಾನು ಹೆರಾಲ್ಡ್ ಸಗ್ಡನ್, ಈ ರಂಗದ ಬಡಗಿ. ಭಾಷಣ ಮಾಡಿ ಅಭ್ಯಾಸವಿಲ್ಲ.

ನಾವು ಕುಳಿತಿರುವ ಈ ಬ್ರೋಡಿ ಮ್ಯೂಸಿಕ್ ಹಾಲನ್ನು 1884ರಲ್ಲಿ ಒಬ್ಬ ಬಿಯರ್ ವ್ಯಾಪಾರಿ ಹಾಡು, ಹಾಸ್ಯದ ಆಟಗಳಿಗೆಂದು ಕಟ್ಟಿಸಿದ. ಗಿರಣಿ ಹುಡುಗಿಯರು ಆ ಮೇಲಿನ ಗ್ಯಾಲರಿಯಿಂದ ಕಿತ್ತಳೆ ಸಿಪ್ಪೆ ಎಸೆಯುತ್ತಿದ್ದರು, ಕೆಳಗೆ ಮಖಮಲ್ ಕುರ್ಚಿಯವರು ಟೋಪಿ ಕೊಡವಿಕೊಂಡು ಬೈಯುತ್ತಿದ್ದರು. ಗ್ಯಾಸ್ ದೀಪ ಹೋಗಿ ಕರೆಂಟು ಬಂತು. ಸಿನಿಮಾ ಬಂತು — ಆದರೂ ಜನ ಬಂದರು. ಟೆಲಿವಿಷನ್ ಬಂತು — ಜನ ಬರಲಿಲ್ಲ.

ವಿನಿಫ್ರೆಡ್ ಆಕ್ರಾಯ್ಡ್ 1919ರಲ್ಲಿ ಇಲ್ಲಿನ ಉಡುಪಿನ ಕೋಣೆಗೆ ಹೊಲಿಯಲು ಬಂದರು. ದೊಡ್ಡ ದೊಡ್ಡ ಹಾಸ್ಯಗಾರರಿಗೂ ಅವರೆಂದರೆ ಅಂಜಿಕೆ. "ಹೊಟ್ಟೆ ಒಳಗೆ ಎಳ್ಕೊಳ್ರೀ! ಇಲ್ದಿದ್ರೆ ಜನ ನಿಮ್ ಜೋಕಿಗಲ್ಲ, ನಿಮ್ ಪ್ಯಾಂಟಿಗೆ ನಗ್ತಾರೆ" ಅನ್ನುತ್ತಿದ್ದರು.

1957ರಲ್ಲಿ ಮಾಲೀಕರು ನಮ್ಮ ಮೂವತ್ತೊಂದು ಜನರನ್ನೂ ಇದೇ ರಂಗದ ಮೇಲೆ ಸೇರಿಸಿದರು. ಹಾಲನ್ನು ಕೊಳ್ಳುವವನು ಇದನ್ನು ಕೆಡವಿ ಡ್ಯಾನ್ಸ್ ಹಾಲ್ ಕಟ್ಟುತ್ತಾನೆ, ನಿಮಗೆಲ್ಲ ಅಲ್ಲೇ ಕೆಲಸ, ಒಪ್ಪಿಗೆ ಇರುವವರು ಕೈ ಎತ್ತಿ ಎಂದರು. ಮೂವತ್ತು ಕೈ ಮೇಲೆದ್ದವು. ನನ್ನದೂ — ಹೀಗೆ — ಮೇಲಿತ್ತು. ವಿನಿಫ್ರೆಡ್ ಮಾತ್ರ ಎರಡೂ ಕೈಯನ್ನು ಏಪ್ರನ್ ಜೇಬಿನಲ್ಲಿಟ್ಟುಕೊಂಡು ನಿಂತಿದ್ದರು. "ನನ್ನ ಒಪ್ಪಿಗೆ ಇಲ್ಲ" ಅಂದರು. ಅಷ್ಟೇ.

ಕೆಡವಬಾರದು ಎಂದು ಅವರು ಊರಿನ ಕೌನ್ಸಿಲ್‌ಗೆ ಬರೆದರು. ವಿಚಾರಣೆ ಒಂದೂವರೆ ವರ್ಷ ಎಳೆಯಿತು. ಕೊಳ್ಳಲು ಬಂದವನು ಬೇಸತ್ತು ಹೋದ. ಹಾಲ್ ಉಳಿಯಿತು — ಬೀಗ ಹಾಕಿಕೊಂಡು. ನಮಗೆ ಹೇಳಿದ್ದ ಕೆಲಸ ಸಿಗಲಿಲ್ಲ.

ಆಮೇಲೆ ನಾವು ಮಾಡಿದ್ದನ್ನು ಹೇಳಲೇಬೇಕು. ಅವರ ಜೊತೆ ಮಾತು ಬಿಟ್ಟೆವು. ನಮ್ಮಲ್ಲಿ ಹತ್ತು ಜನ ಉಣ್ಣೆ ಗಿರಣಿ ಸೇರಿದೆವು, ಅವರೂ ಅಲ್ಲಿಗೇ ಬಂದರು. ಊಟದ ಹೊತ್ತಿನಲ್ಲಿ ಅವರು ಒಂದು ಮೇಜಿಗೆ ಬಂದು ಕುಳಿತರೆ ನಾವು ತಟ್ಟೆ ಎತ್ತಿಕೊಂಡು ಇನ್ನೊಂದಕ್ಕೆ ಹೋಗುತ್ತಿದ್ದೆವು. ಕೆಲವು ದಿನಗಳಾದ ಮೇಲೆ ಅವರು ಹೊರಗೆ ಗೋಡೆಯ ಪಕ್ಕ ನಿಂತೇ ತಿನ್ನತೊಡಗಿದರು.

ನಾಲ್ಕು ವರ್ಷದ ನಂತರ ಒಂದು ಭಾನುವಾರ ಮರ ಹೆರೆಯುವ ನನ್ನ ಹಳೆಯ ಉಜ್ಜುಗೊರಡು ಹುಡುಕಿಕೊಂಡು ನಾನು ಇಲ್ಲಿಗೆ ಬಂದೆ. ಹಿಂಬಾಗಿಲ ಬೀಗ ತೆಗೆದಿತ್ತು. ಒಳಗೆ ವಿನಿಫ್ರೆಡ್! ಸೋರುವ ಕಡೆಯೆಲ್ಲ ಬಕೆಟ್ ಇಟ್ಟಿದ್ದರು. ಕುರ್ಚಿಗಳ ಮೇಲೆ ಹಳೆಯ ಪರದೆ ಹೊದಿಸುತ್ತಿದ್ದರು.

"ಬಾಗ್ಲು ಹಾಕೋ ಮಾರಾಯ, ಚಳಿ" ಅಂದರು.

"ಅವತ್ತು ಯಾಕೆ ಕೈ ಎತ್ಲಿಲ್ಲ ನೀವು?" ಎಂದು ಕೇಳಿಬಿಟ್ಟೆ.

ಅವರು ಪರದೆ ಮಡಿಸುತ್ತಲೇ ಹೇಳಿದರು: "ನಿಂಗೆ ಮನೇಲಿ ಹೆಂಡ್ತಿ ಇದಾಳೆ ಹೆರಾಲ್ಡ್, ಮಕ್ಳಿದಾರೆ. ನಂಗೆ ಯಾರಿದ್ರು? ದಿನಾ ಸಂಜೆ ನಿಮ್ಮ ಜೊತೆ ಇಲ್ಲಿ ಕೂತು ಒಂದು ಕಪ್ ಟೀ ಕುಡೀತಿದ್ನಲ್ಲ, ಅದೊಂದೇ ಇತ್ತು. ಅದು ಹೋಗದೇ ಇರ್ಲಿ ಅಂತ ಮಾಡ್ದೆ."

ಸ್ನೇಹಿತರೇ — ಯಾವುದು ಹೋಗಬಾರದು ಎಂದು ಅವರು ನಿಂತರೋ, ಅದನ್ನೇ ನಾವು ಕಿತ್ತುಕೊಂಡೆವು. ಅಂದು ನಾನು ಅವರ ಪಕ್ಕದಲ್ಲಿ ಕೂರಬಹುದಿತ್ತು. ಕೂರಲಿಲ್ಲ. ಉಜ್ಜುಗೊರಡು ತೆಗೆದುಕೊಂಡು ಮನೆಗೆ ಹೋದೆ.

ಕಳೆದ ಅಕ್ಟೋಬರಿನಲ್ಲಿ ಕೌನ್ಸಿಲ್ ಈ ಹಾಲನ್ನು ಮತ್ತೆ ತೆರೆಯಿತು. ಬ್ಯಾಂಡ್ ಬಾರಿಸಿತು, ಮೇಯರ್ ಎಲ್ಲರನ್ನೂ ಹೊಗಳಿದರು, ವಿನಿಫ್ರೆಡ್ ಹೆಸರು ಬರಲಿಲ್ಲ. ಅವರು ಗ್ಯಾಲರಿಯ ಕೊನೆಯ ಬೆಂಚಿನಲ್ಲಿ ಕೋಟು ಬಿಚ್ಚದೆ ಕುಳಿತಿದ್ದರು. ಆಟ ಮುಗಿದ ಮೇಲೆ ಹೋಗಿ ಮಾತಾಡಿಸೋಣ ಎಂದುಕೊಂಡೆ. ಮುಗಿಯುವ ಮೊದಲೇ ಅವರು ಎದ್ದು ಹೋಗಿದ್ದರು.

ನವೆಂಬರಿನಲ್ಲಿ ಆಸ್ಪತ್ರೆಗೆ ಹೋದೆ. ನಿದ್ದೆಯಲ್ಲಿದ್ದರು. "ಮೂರು ವಾರ ಆಯ್ತು, ನೋಡೋಕೆ ಬಂದೋರು ನೀವೇ ಮೊದಲು. ನೀವು ಏನಾಗ್ಬೇಕು?" ಎಂದಳು ನರ್ಸು. ಜೊತೆ ಕೆಲಸ ಮಾಡಿದವನು ಎಂದೆ. ಅದಕ್ಕಿಂತ ಹೆಚ್ಚು ಹೇಳಿಕೊಳ್ಳುವ ಯೋಗ್ಯತೆ ನನಗಿರಲಿಲ್ಲ. ಮರುದಿನ ಅವರು ಹೋದರು.

ಮೇಬಲ್ ಅವರೇ, ಕ್ಷಮೆ ಕೇಳಬೇಕಾದದ್ದು ಅವರಲ್ಲಿ. ಅವರಿಲ್ಲ. ಅದಕ್ಕೇ ಎಲ್ಲರೆದುರು ಹೇಳಿದ್ದೇನೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಏಳು ವರ್ಷ ನಾವು ಸಿಟ್ಟಿನಿಂದ ಅವರೆದುರು ಬಾಯಿ ಮುಚ್ಚಿಕೊಂಡಿದ್ದೆವು. ಇನ್ನು ಎರಡು ನಿಮಿಷ — ಗೌರವದಿಂದ.