ಕೋಳಿ ಸಾರು ಕೇಳಿದ ಹುಡುಗಿ

ನಗಬೇಡಿ ಮೇಷ್ಟ್ರೇ, ನಿಜವಾಗ್ಲೂ ದರಿದ್ರ ಪುಸ್ತಕ ಅದು! ಕೊಂದವನು ಅಡುಗೆಯವನೇ ಅಂತ ಮೂರನೇ ದಿನಕ್ಕೇ ನಮ್ಮ ಸಾಲಿನೋರೆಲ್ಲ ಹೇಳಿಬಿಟ್ವಿ. ಆ ಪತ್ತೇದಾರ ಮಹಾಶಯ ಮಾತ್ರ ಇನ್ನೂರು ಪುಟ ಹುಡುಕಿದ್ದೇ ಹುಡುಕಿದ್ದು! ಅದಕ್ಕೆ ಮುಂಚೆ ಓದಿಸ್ಕೊಂಡ ಪ್ರೇಮಕಥೆ ವಾಸಿ. ಗಂಡಸು ಪೆದ್ದ, ಆದ್ರೆ ಹೆಂಗಸು ಗಟ್ಟಿಗಿತ್ತಿ.

ಯಾಮಿಲ್ಕಾ ಓದೋದನ್ನ ಕೇಳ್ಬೇಕು ನೀವು. ಕಾರ್ಖಾನೇಲಿ ನಾವು ಚುರುಟು ಸುತ್ತುವಾಗ ಪುಸ್ತಕ ಓದಿ ಹೇಳೋಕೆ ಈಗ ನಿಮ್ಮ ಕುರ್ಚಿ ಮೇಲೆ ಕೂರ್ತಾಳಲ್ಲ, ಆ ಹುಡುಗಿ. ನೀವು ಪುಟಕ್ಕೊಂದು ಸಲ ಕೆಮ್ತಿದ್ರಿ, ಅವಳಿಗೆ ಕೆಮ್ಮೇ ಇಲ್ಲ! ಮೊನ್ನೆ ಅವಳು ಓದಿ ಮುಗಿಸಿದಾಗ ಚುರುಟು ಸುತ್ತೋರು ಅಷ್ಟೂ ಜನ ಮೆಚ್ಚಿ, ಎಲೆ ಕುಯ್ಯೋ ಕತ್ತೀಲಿ ಹಲಗೆ ಕುಟ್ಟಿದ್ದೇ ಕುಟ್ಟಿದ್ದು. ನಿಮಗೆ ಮೂವತ್ತು ವರ್ಷದಲ್ಲಿ ಯಾವತ್ತಾದ್ರೂ ಹಾಗೆ ಕುಟ್ಟಿದ್ವಾ? ಕತ್ತಿ ನೆಲಕ್ಕೆ ಎಸೆದಿದ್ದು ಮಾತ್ರ ನೆನಪಿರುತ್ತೆ ಬಿಡಿ. ನಿಮ್ಮನ್ನ ಎಬ್ಬಿಸಿ ಕಳಿಸಿದ ಸದ್ದು ಅದು.

ಮುಖ ಯಾಕೆ ಸಣ್ಣ ಮಾಡ್ಕೊಂಡ್ರಿ? ಕಾಫಿ ಕುಡೀರಿ.

ವಿಷಯ ಏನಂದ್ರೆ, ನಾಳೆ ಊಟಕ್ಕೆ ಮುಂಚೆ ಕೈ ಎತ್ತಿಸ್ತಾರಂತೆ. ಎಲಿಸೆಯೊ ಮೇಷ್ಟ್ರನ್ನ ವಾಪಸ್ ಕರೆಯೋದಾ, ಬೇಡ್ವಾ ಅಂತ. ನೀವೇ 'ಒಲ್ಲೆ' ಅಂತ ಒಂದು ಚೀಟಿ ಬರ್ಕೊಡಿ, ಮರ್ಯಾದೆಯಾಗಿ ಮುಗಿಯುತ್ತೆ. ಪುಸ್ತಕದಲ್ಲಿ ಇಲ್ಲದ್ದನ್ನ ಓದಿದವರು ನೀವು! ನಾವೇ ಕೈ ಎತ್ತಿ ಆರಿಸಿದ ಪುಸ್ತಕ, ನಮಗೇ ಸುಳ್ಳು! ಏನೋ, ನಮ್ಮ ಸಾಲಿನ ಓಬ್ದುಲಿಯಾ ಪತ್ತೆ ಹಚ್ಚಿ ಹೇಳಿದ್ಲು... ಹೌದು, ಅವಳೇ. ಎಲ್ಲರೂ ಹಾಗೇ ಅಂತಾರೆ. ನಿಮ್ಮ ಕೆಲಸ ಹೋಗಿದ್ದು ಅವಳಿಂದ ಅಂತ ಈಗ ಅವಳ ಪಕ್ಕ ಯಾರೂ ಊಟಕ್ಕೆ ಕೂರಲ್ಲ. ಆ ಬಾಯಿಬಡುಕಿಗೆ ಅದೇ ಆಗ್ಬೇಕು.

ಯಾಕೆ ತಲೆ ಆಡಿಸ್ತೀರಿ? ಅವಳಲ್ಲ ಅಂತಾನಾ? ಇನ್ಯಾರು ಹಾಗಾದ್ರೆ?

...ಹಾಗೆ ನೋಡ್ಬೇಡಿ ನನ್ನನ್ನ.

ಸರಿ. ನಾನೇ. ನಾನೇ ಹೇಳಿದ್ದು. ಮೊದಲು ಬಿದ್ದ ಕತ್ತೀನೂ ನಂದೇ.

ನನ್ನ ಮಗಳು ನೆಲಿದಾ ಜ್ವರ ಬಂದು ಮಣ್ಣಿಗೆ ಹೋಗಿ ಹನ್ನೊಂದು ದಿನ ಆಗಿತ್ತು. ನಿಮ್ಮ ಕಥೇಲೂ ಜ್ವರದ ಹುಡುಗಿ. ಎಲೆ ಸುತ್ತುತ್ತಾ ಸುತ್ತುತ್ತಾ, ದೇವ್ರೇ, ಇವಳಾದ್ರೂ ಉಳೀಲಿ ಅಂತಿದ್ದೆ. ನೀವು ಓದಿದ್ರಿ... ಹುಡುಗಿ ಎದ್ದು ಕೂತ್ಲು, ಅಮ್ಮನ್ನ ಕರೆದು ಕೋಳಿ ಸಾರು ಕೇಳಿದ್ಲು. ಆವತ್ತು ಹಾಡ್ಕೊಂಡು ಮನೆಗೆ ಹೋದೆ ಮೇಷ್ಟ್ರೇ, ಹಾಡ್ಕೊಂಡು! ಹೊಟ್ಟೆ ತುಂಬ ಉಂಡೆ. ಆ ಪುಟಾನ ನನ್ನ ಕಣ್ಣಾರೆ ಇನ್ನೊಂದು ಸಲ ಓದ್ಬೇಕು, ಸುಮ್ನೆ ಖುಷಿಗೆ, ಅಂತ ಲೈಬ್ರರಿಯಿಂದ ತಂದೆ. ತೆಗೆದು ನೋಡಿದ್ರೆ ಶವಪೆಟ್ಟಿಗೆ. ಸಾರೂ ಇಲ್ಲ, ಸುಡುಗಾಡೂ ಇಲ್ಲ.

ಗೊತ್ತು, ನನಗೋಸ್ಕರ ಮಾಡಿದ್ರಿ. ಆವತ್ತೇ ಗೊತ್ತಾಯ್ತು. ಗೊತ್ತಿದ್ದೇ ಹೇಳಿದೆ. ನಿಮ್ಮ ಕರುಣೆ ಯಾರಿಗೆ ಬೇಕಿತ್ತು?

ತಡೀರಿ... ನಾನೇ ಅಂತ ನಿಮಗೆ ಮೊದಲೇ ಗೊತ್ತಿತ್ತಾ? ಗೊತ್ತಿದ್ದೂ, ನಿಮ್ಮನ್ನ ವಿಚಾರಿಸಿದ ಕಾರ್ಖಾನೆ ಸಮಿತಿ ಮುಂದೆ ನನ್ನ ಹೆಸರು ಎತ್ತಲಿಲ್ವಾ? ಯಾಕೆ? ಬೈರಿ! ಹಲ್ಕಾ ಹೆಂಗಸು ಅಂತ ಒಂದು ಸಲ ಬೈದುಬಿಡ್ರಿ!

ಅಯ್ಯೋ, ಅಳ್ತಿದ್ದೀರಾ? ಅಳಿ. ಎಷ್ಟು ಅತ್ರೂ ನಾಳೆ ನಾನು ಕೈ ಎತ್ತಲ್ಲ. ನೀವು ಮತ್ತೆ ಆ ಕುರ್ಚೀಲಿ ಕೂತು ಓದಿದ್ರೆ, ನಾನು ಮತ್ತೆ ನಂಬಿಬಿಡ್ತೀನಿ.