ಓಣಿಯ ಕೊನೆಯ ಇಡೀ ಕಿವಿ

ಮಾನ್ಯ ಠಾಣಾಧಿಕಾರಿಗಳೇ, ಬೆಂಚಿನ ಮೇಲೆ ಸರದಿ ಕಾಯುತ್ತಿರುವ ಸಭ್ಯ ಹಾಗೂ ಅಸಭ್ಯ ಮಹನೀಯರೇ, ಮುಂದೆಂದಾದರೂ ಈ ಕಡತದ ದೂಳು ಕೊಡವಿ ಓದಲಿರುವ ಘನ ನ್ಯಾಯಪೀಠವೇ,

ಓಣಿಯಲ್ಲಿ ಪ್ರಾಸಣ್ಣನೆಂದೇ ಕರೆಯಲ್ಪಡುವ ನಾನು, ವಯಸ್ಸು ನಲವತ್ತಾರು, ಕನ್ನಡ ಮಾಧ್ಯಮದ ಬಿ.ಎ., ಅವಿವಾಹಿತ, ಉದ್ಯೋಗ ಪುಸ್ತಕ ಬೈಂಡಿಂಗ್, ವಾಸ ಗೋದಾಮಿನ ಹಿಂದಿನ ಓಣಿಯಲ್ಲಿರುವ ನನ್ನ ಅಂಗಡಿಯ ಅಟ್ಟ, ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಓಣಿಯಲ್ಲಿ ಯಾರ ಮನೆಗೂ ಸೇರದ ಹದಿನಾಲ್ಕು ಬೆಕ್ಕುಗಳಿವೆ. ಕಳೆದ ವರ್ಷದಿಂದ ಪಶು ಆಸ್ಪತ್ರೆಯ ಕಾಂಪೌಂಡರ್ ಮೇಡಂ ಭಾನುವಾರಗಳಂದು ಸ್ಕೂಟರಿನಲ್ಲಿ ಬೋನು ತಂದು, ಒಳಗೆ ಮೀನಿನ ತುಂಡಿಟ್ಟು, ಬೆಕ್ಕು ಹಿಡಿದು ಒಯ್ಯುತ್ತಾರೆ. ಮರಿಯಾಗದಂತೆ ಆಪರೇಷನ್ ಮಾಡಿಸಿ, ಮತ್ತಿನಲ್ಲಿರುವಾಗಲೇ ಗುರುತಿಗೆಂದು ಎಡಗಿವಿಯ ತುದಿ ಕತ್ತರಿಸಿ, ಚೇತರಿಸಿಕೊಂಡ ಮೇಲೆ ಹಿಡಿದ ಜಾಗದಲ್ಲೇ ತಂದು ಬಿಡುತ್ತಾರೆ. ಮುನ್ನಾದಿನ ಬೆಕ್ಕಿಗೆ ಏನೂ ಹಾಕಬಾರದೆಂಬುದು ಅವರ ಕಟ್ಟಪ್ಪಣೆ. ಹಸಿದಿದ್ದರೆ ಬೋನು, ಉಂಡಿದ್ದರೆ ಯಾರು ನೀನು ಎಂದು ನಾನು ಪ್ರಾಸ ಕಟ್ಟಿದಾಗ, ನಿಮ್ಮ ಬಾಯಿಗೂ ಒಂದು ಬೋನು ಬೇಕು ಕಣ್ರೀ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ.

ಕತ್ತಲೆಯಾದರೆ ಬೆಕ್ಕು ಗಾಬರಿ ಬೀಳುವುದಿಲ್ಲವೆಂದು ಅವರು ಬೋನಿಗೆ ಹಳೆಯ ಬೆಡ್‌ಶೀಟ್ ಹೊದಿಸುತ್ತಿದ್ದರು. ಅದು ಜಾರುತ್ತಿತ್ತು. ನಾನು ಬೈಂಡಿಂಗ್ ಬಟ್ಟೆಯಲ್ಲಿ ಅಳತೆಗೆ ಸರಿಯಾಗಿ ಒಂದು ಮುಸುಕು ಹೊಲಿದುಕೊಟ್ಟೆ. ಮೂಲೆಗಳನ್ನು ಪುಸ್ತಕದ ರಟ್ಟಿಗೆ ಮಡಿಸುವಂತೆ ಮಡಿಸಿದ್ದೆ. ಮೇಡಂ ಒಂದೊಂದು ಮೂಲೆಯನ್ನೂ ಬೆರಳಿನಿಂದ ಸವರಿ ನೋಡಿದರು. ಈ ಸಂಗತಿ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲ.

ಎದುರಂಗಡಿಯ ಟೈಲರ್ ಮಾಮನಿಗೆ ಈ ಪದ್ಧತಿ ಹಿಡಿಸಲಿಲ್ಲ. ಇದೇನಮ್ಮ, ಆಲ್ಟ್ರೇಷನ್ ಮಾಡಿ ಗಿರಾಕಿಗೆ ಕೊಟ್ಟಂಗೆ ಬೆಕ್ಕು ವಾಪಸ್ ತರ್ತೀಯಲ್ಲ, ದೂರ ಎಲ್ಲಾದ್ರೂ ಬಿಟ್ಟು ಬಾ ಎಂದರು. ಇವನ್ನ ಒಯ್ದರೆ ಖಾಲಿ ಜಾಗಕ್ಕೆ ಬೇರೆವು ಬಂದು ಮರಿ ಹಾಕ್ತವೆ ಮಾಮ, ಇವೇ ಇದ್ದರೆ ಬೇರೆಯವಕ್ಕೆ ಜಾಗ ಬಿಡಲ್ಲ, ಇವಕ್ಕೂ ಮರಿ ಆಗಲ್ಲ ಎಂದು ಮೇಡಂ ತಿಳಿಸಿ ಹೇಳಿದರು. ಹಾಗಾದ್ರೆ ನಾನು ಹೊಲಿದ ಬಟ್ಟೆ ಮೇಲೆ ಮಲಗೋಕೆ ಪರ್ಮನೆಂಟ್ ಸ್ಟಾಫ್ ಬಂದಂಗಾಯ್ತು ಅನ್ನು ಎಂದು ಮಾಮ ಹೇಳಿದರು.

ಈಗ ಹದಿಮೂರು ಬೆಕ್ಕುಗಳ ಕಿವಿಗೆ ಗುರುತಾಗಿದೆ. ಉಳಿದದ್ದು ಒಂದು ಬೂದು ಹೆಣ್ಣು ಬೆಕ್ಕು ಮಾತ್ರ. ಇದೊಂದು ಆದ್ರೆ ನಿಮ್ಮ ಓಣಿ ಮುಗೀತು ಸಾರ್, ಆಮೇಲೆ ನನ್ನನ್ನ ರೈಲು ಹಳಿಯ ಆಚೆಯ ಓಣಿಗಳ ಡ್ಯೂಟಿಗೆ ಹಾಕ್ತಾರೆ, ಈ ಕಡೆ ಬರೋ ಕೆಲಸವೇ ಇರಲ್ಲ ಎಂದು ಮೇಡಂ ಕಳೆದ ತಿಂಗಳು ಸಂತೋಷದಿಂದ ಹೇಳಿದರು. ನಾನೂ ಸಂತೋಷ ಎಂದೆ.

ನಿನ್ನೆ ಭಾನುವಾರ ಬೆಳಿಗ್ಗೆ ಆರೂವರೆಗೆ ನನ್ನ ಅಂಗಡಿಯಿಂದ ಹತ್ತು ಅಡಿ ದೂರದಲ್ಲಿ ಬೋನಿಟ್ಟು, ಸ್ವಲ್ಪ ನೋಡ್ತಿರಿ ಎಂದು ನನಗೆ ಹೇಳಿ ಮೇಡಂ ಪಕ್ಕದ ಓಣಿಗೆ ಹೋದರು. ಏಳಕ್ಕೆ ಬೋನಿನ ಬಾಗಿಲು ಬಿದ್ದ ಸದ್ದಾಯಿತು. ನಾನು ಆಗ ಒಳಗೆ ಅಂಟು ಕುದಿಸುತ್ತಿದ್ದೆ. ಏಳೂಕಾಲಿಗೆ ಮೇಡಂ ಬಂದಾಗ ಬಾಗಿಲು ತೆರೆದಿತ್ತು. ಮೀನೂ ಇಲ್ಲ, ಬೆಕ್ಕೂ ಇಲ್ಲ. ಹೀಗಾಗುತ್ತಿರುವುದು ಸತತ ಮೂರನೇ ವಾರ.

ಮೇಡಂ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅದು ಬಸಿರಾದರೆ ವರ್ಷದ ಶ್ರಮ ನೀರುಪಾಲು, ಹುಟ್ಟಿದ ಮರಿಗಳಲ್ಲಿ ಅರ್ಧ ಗೋದಾಮಿನ ಲಾರಿ ಚಕ್ರಕ್ಕೇ ಹೋಗ್ತವೆ, ಯಾರಿಗ್ರೀ ಇದರಿಂದ ಸುಖ ಎಂದು ಕೇಳಿದರು. ನಾನು ಅಂಟು ನೋಡಲು ಒಳಗೆ ಹೋದೆ. ಅವರು ನೇರವಾಗಿ ಠಾಣೆಗೆ ಬಂದು, ಟೈಲರ್ ಮಾಮನ ಮೇಲೆ ಅನುಮಾನವೆಂದು ದೂರು ಕೊಟ್ಟರು. ಇಂದು ಮಾಮನನ್ನು ಕೆಲಸದ ನಡುವೆ ಕರೆತಂದು ಹೊರಗೆ ಕೂರಿಸಲಾಗಿದೆ. ಅಳತೆ ಟೇಪು ಇನ್ನೂ ಅವರ ಕೊರಳಲ್ಲೇ ಇದೆ. ನಾನು ಒಳಗೆ ಬರುವಾಗ ಮಾಮ ನನ್ನನ್ನು ನೋಡಿ, ನೀನಾದರೂ ಹೇಳಪ್ಪ ಎಂದರು.

ಮೇಲೆ ಬರೆಸಿದ್ದನ್ನು ಓದಿಸಿ ಕೇಳಿದ್ದೇನೆ. ನನಗೆ ತಿಳಿದಮಟ್ಟಿಗೆ ಎಲ್ಲವೂ ಸತ್ಯ.

ಸ್ಥಳ: ಪೊಲೀಸ್ ಠಾಣೆ
ದಿನ: ಸೋಮವಾರ
ಸಹಿ:

ಸಹಿ ಹಾಕಲಾರೆ ಸಾರ್. ಬಾಗಿಲು ತೆಗೆದವನು ನಾನು. ಮೂರು ವಾರವೂ ನಾನೇ. ಮಾಮನನ್ನು ಮನೆಗೆ ಕಳಿಸಿ. ಆ ಬೆಕ್ಕು ಸಿಕ್ಕರೆ ಮೇಡಂ ಮತ್ತೆ ನಮ್ಮ ಓಣಿಗೆ ಬರುವುದಿಲ್ಲ, ಅಷ್ಟೇ ಕಾರಣ. ಬರುವ ಭಾನುವಾರ ಬೆಕ್ಕನ್ನು ನಾನೇ ಹಿಡಿದುಕೊಡುತ್ತೇನೆ. ಇದನ್ನು ಅವರಿಗೆ ಓದಿ ಹೇಳುವಾಗ ಮಾತ್ರ, ದಯವಿಟ್ಟು, ಕಾರಣ ಬಿಟ್ಟು ಓದಿ.