ಬಾವಿಕಟ್ಟೆಯ ತುಂಬು ಬಸುರಿ

ರಾತ್ರಿ ಒಂಬತ್ತೂವರೆ. ನಮ್ಮ ಹಿಂದಿನ ಬೀದಿಯ ಟೈಲರಮ್ಮ ತುಂಬಿದ ಹೊಟ್ಟೆ ಹೊತ್ತುಕೊಂಡು ಒಬ್ಬಳೇ ಮನೆಗೆ ನಡೆದು ಬರುತ್ತಿದ್ದಳು. ಗಂಡ ಇಲ್ಲದವಳಲ್ಲ. ಗಂಡನಿದ್ದ, ಗಂಡನಿಗೆ ಸ್ಕೂಟರಿತ್ತು, ಸ್ಕೂಟರಿಗೆ ಪೆಟ್ರೋಲೂ ಇತ್ತು. ಆದರೆ ಕೊನೆಯ ತಿಂಗಳಲ್ಲಿ ನಡೆದರೆ ಹೆರಿಗೆ ಸಲೀಸು ಎಂದು ಆ ಮಹಾನುಭಾವ ಫೋನಿನಲ್ಲಿ ಓದಿದ್ದ. ಓದಿದವನು ಫ್ಯಾನಿನ ಕೆಳಗೆ ಮಲಗಿದ್ದ, ನಡೆಯಬೇಕಾದವಳು ನಡೆಯುತ್ತಿದ್ದಳು.

ಅಂಗಡಿಯಲ್ಲಿ ಶಾಲೆ ಮಕ್ಕಳ ಅಂಗಿಯ ಕೆಲಸ. ಇನ್ನೂ ನಲವತ್ತು ಬಾಕಿ. ಹೆರಿಗೆಗೆ ಮುಂಚೆ ಮುಗಿಸಿಕೊಟ್ಟರೆ ಆಮೇಲೆ ಎರಡು ತಿಂಗಳು ಮಗುವಿನ ಪಕ್ಕ ನೆಮ್ಮದಿಯಾಗಿ ಮಲಗಬಹುದು ಅಂತ ಅವಳ ಆಸೆ. ಕಾಲು ಊದಿ ಚಪ್ಪಲಿ ಬಿಗಿಯುತ್ತಿತ್ತು. ಬರಿಗಾಲಲ್ಲೇ ಮೆಷಿನ್ ತುಳಿಯುವಳು. ಹೊಟ್ಟೆ ಅಡ್ಡ ಬರುತ್ತದೆಂದು ಪಕ್ಕಕ್ಕೆ ತಿರುಗಿ ಕೂತು ಹೊಲಿಯುವಳು. ರಾತ್ರಿ ಮಲಗಿದರೆ ಎದೆಯುರಿ, ಎಡಕ್ಕೆ ಹೊರಳಿದರೆ ಸೊಂಟನೋವು, ಬಲಕ್ಕೆ ಹೊರಳಿದರೆ ಏದುಸಿರು. ಅತ್ತೆಯ ಹತ್ತಿರ ಹೇಳಿಕೊಂಡರೆ ಒಂದೇ ಮಾತು. "ನಾವೇನು ಹೆತ್ತಿಲ್ವಾ?"

ಹೆತ್ತಿದ್ದಾಳೆ. ಒಂದೇ ಒಂದು ಹೆತ್ತಿದ್ದಾಳೆ, ಅದೂ ಇಂಥದ್ದನ್ನ!

ಅದು ಎಂಥದ್ದು ಅಂತ ಹೇಳದೆ ಮುಂದೆ ಹೋಗೋದು ಸರಿಯಲ್ಲ. ಬಸ್ ಡಿಪೋದಲ್ಲಿ ಅವನು ಟೈಮ್‌ಕೀಪರ್. ಯಾವ ಬಸ್ಸು ಎಷ್ಟು ಗಂಟೆಗೆ ಹೊರಟಿತು, ಎಷ್ಟಕ್ಕೆ ಬಂದು ಸೇರಿತು ಎಂದು ಹಸಿರು ಪೆನ್ನಿನಲ್ಲಿ ಬರೆಯುವುದು ಕೆಲಸ. ಬರೆದು ಬರೆದು ಅವನ ಕಣ್ಣಿಗೆ ಲೋಕವೆಲ್ಲ ಬಸ್ ಸ್ಟ್ಯಾಂಡೇ. ಡಾಕ್ಟರಮ್ಮ ಹೆರಿಗೆಗೆ ಒಂದು ತಾರೀಖು ಹೇಳಿದರು. ಇದು ಅಂದಾಜು, ಹಿಂದೆಮುಂದೆ ಆಗುತ್ತೆ ಅಂತಲೂ ಹೇಳಿದರು. ಅಂದಾಜು ಅನ್ನೋ ಮಾತು ಇವನ ಕಿವಿಗೆ ಬೀಳಲೇ ಇಲ್ಲ. ನಡುಮನೆಯ ಗೋಡೆಗೆ ಒಂದು ಚಾರ್ಟು ಅಂಟಿಸಿದ. ತಿಂಗಳ ಮುಂಚೆಯೇ ಆಸ್ಪತ್ರೆಯ ಬ್ಯಾಗು ಕಟ್ಟಿದ. ಮಗುವಿಗೆ ಟೋಪಿ, ಮೆತ್ತನೆ ಬಟ್ಟೆ, ಬಿಸಿನೀರಿಗೆ ಫ್ಲಾಸ್ಕು, ತನಗೆ ಒಂದು ದಿಂಬು. ಹೆರುವವಳು ಅವಳು, ದಿಂಬು ಇವನಿಗೆ! ಆಮೇಲೆ ಆ ಬ್ಯಾಗನ್ನು ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗಿ ಬಂದು, ಗಡಿಯಾರ ನೋಡಿ 'ಏಳು ನಿಮಿಷ' ಎಂದು ಬರೆದ. ಬ್ಯಾಗಿಗೆ ಸವಾರಿ. ಹೆಂಡತಿಗೆ ಕಾಲ್ನಡಿಗೆ.

ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದರು. ದಿನಾ ಒಂದು ಹೊತ್ತು ಮಲಗಿಕೊಂಡು ಮಗುವಿನ ಒದೆತ ಎಣಿಸು. ಎರಡು ಗಂಟೆಯೊಳಗೆ ಹತ್ತಾಗಬೇಕು. ಯಾವ ಹೊತ್ತಲ್ಲಾದರೂ ಸರಿ, ಆಟ ಕಮ್ಮಿ ಅನ್ನಿಸಿದರೆ ನಿಂತ ಕಾಲಲ್ಲೇ ಓಡಿ ಬಾ. ಟೈಲರಮ್ಮ ಹತ್ತು ಅಂಗಿಗುಂಡಿ ಇಟ್ಟುಕೊಂಡಳು. ಒದೆತಕ್ಕೊಂದು ಗುಂಡಿ ಬಲಗೈಯಿಂದ ಎಡಗೈಗೆ. ಹತ್ತಾದ ತಕ್ಷಣ ಟೈಮ್‌ಕೀಪರ್ ಚಾರ್ಟಿನಲ್ಲಿ ಹಸಿರು ಗುರುತು ಹಾಕುವನು, ಟ್ರಿಪ್ ಮುಗಿಸಿ ಬಂದ ಬಸ್ಸಿಗೆ ಹಾಕಿದ ಹಾಗೆ.

ಅವತ್ತು ಬೆಳಿಗ್ಗೆ ಹತ್ತು ಒದೆತ ಆಗಿತ್ತು. ಗುರುತೂ ಬಿದ್ದಿತ್ತು.

ಮಧ್ಯಾಹ್ನದಿಂದ... ಒಂದೂ ಇಲ್ಲ.

ಕೆಲಸದ ಗಡಿಬಿಡಿಯಲ್ಲಿ ಮೊದಲು ಗೊತ್ತಾಗಲಿಲ್ಲ ಅವಳಿಗೆ. ರಾತ್ರಿ ಮೆಷಿನ್ ನಿಲ್ಲಿಸಿದಾಗ ಹೊಟ್ಟೆಯೊಳಗೂ ಎಲ್ಲ ನಿಂತ ಹಾಗಿತ್ತು. ತಣ್ಣೀರು ಕುಡಿದಳು. ಎಡಕ್ಕೆ ಮಲಗಿ ನೋಡಿದಳು. ತಟ್ಟಿ ಕರೆದಳು. ಹತ್ತು ಗುಂಡಿಯೂ ಬಲಗೈಯಲ್ಲೇ ಉಳಿದವು. ಅಂಗಡಿಗೆ ಬೀಗ ಹಾಕಿ ಹೊರಟವಳು ದಾರಿಯಲ್ಲೇ ಗಂಡನಿಗೆ ಫೋನು ಮಾಡಿದಳು.

"ರೀ... ಮಗು ಆಡ್ತಾ ಇಲ್ಲ."

"ಬೆಳಿಗ್ಗೆ ಹತ್ತಾಯ್ತಲ್ಲ?"

"ಅದು ಬೆಳಿಗ್ಗೆ. ಮಧ್ಯಾಹ್ನದಿಂದ ಇಲ್ಲ. ಬೇಗ ಬನ್ನಿ, ಆಸ್ಪತ್ರೆಗೆ ಹೋಗೋಣ."

"ಇವತ್ತಿನದು ಮುಗೀತು ಕಣೇ. ಗುರುತು ಹಾಕಿದ್ದೀನಿ. ತಾರೀಖಿಗೆ ಇನ್ನೂ ಹದಿನೆಂಟು ದಿನ ಇದೆ. ಸುಮ್ನೆ ಮನೆಗೆ ಬಾ, ಬೆಳಗಾಗಲಿ ನೋಡೋಣ."

ಹಿಂದಿನಿಂದ ಅತ್ತೆಯ ಧ್ವನಿ. "ಕೊನೇಲಿ ಮಗು ನಿದ್ದೆ ಮಾಡುತ್ತೆ ಅಂತ ಹೇಳೋ ಅವಳಿಗೆ! ನಾಟಕ!"

ಫೋನು ಕಟ್ಟಾಯಿತು.

ಇವಳು ಅವನಿಗೆ ಎರಡನೆಯವಳು. ಮೊದಲನೆಯವಳು ಹನ್ನೊಂದು ವರ್ಷದ ಹಿಂದೆ ಓಡಿಹೋದಳಂತೆ. ಹಾಗಂತ ಅತ್ತೆ ಬೀದಿ ತುಂಬ ಹೇಳಿಕೊಂಡು ಬಂದಿದ್ದಳು, ಮೂಗಿಗೆ ಕರವಸ್ತ್ರ ಹಿಡಿದುಕೊಂಡು. ಆಗ ಆ ಹುಡುಗಿಗೆ ಒಂಬತ್ತು ತಿಂಗಳು ತುಂಬಿತ್ತು. ಒಂಬತ್ತು ತಿಂಗಳ ಬಸುರಿ ಓಡಿಹೋಗ್ತಾಳಾ? ಬಚ್ಚಲಿಗೆ ಹೋಗಿ ಬರೋದೇ ಒಂದು ಪ್ರಯಾಣ ಅವಳಿಗೆ. ಕೇಳುವವರು ಯಾರೂ ಕೇಳಲಿಲ್ಲ. ಆ ಹುಡುಗಿಗೂ ಹಿಂದೆಮುಂದೆ ಯಾರೂ ಇರಲಿಲ್ಲ, ನಮ್ಮ ಟೈಲರಮ್ಮನಿಗೆ ಇಲ್ಲದ ಹಾಗೇ. ಹುಡುಕಿ ಹುಡುಕಿ ಅಂಥವರನ್ನೇ ತಂದುಕೊಳ್ಳುವ ಮನೆ ಅದು. ಅದೇ ವಾರ ಕೂಡುದಾರಿಯ ಹಳೇ ಬಾವಿಗೆ ಕಬ್ಬಿಣದ ಜಾಲರಿ ಬಿತ್ತು. ಹಾಕಿಸಿದ್ದು ಯಾರು? ಇದೇ ಅತ್ತೆ. ಬೀದಿ ಮಕ್ಕಳು ಬಿದ್ದುಗಿದ್ದಾರು ಅಂತ. ಪಕ್ಕದ ಮನೆಗೆ ಒಂದು ಹಿಡಿ ಉಪ್ಪು ಕೊಡದವಳಿಗೆ ಬೀದಿ ಮಕ್ಕಳ ಮೇಲೆ ಅದೆಲ್ಲಿಂದ ಪ್ರೀತಿ ಉಕ್ಕಿತೋ!

ಟೈಲರಮ್ಮ ಆ ಬಾವಿಯ ಹತ್ತಿರ ಬಂದಳು. ಅಲ್ಲಿಂದ ದಾರಿ ಎರಡು. ಬಲಕ್ಕೆ ಮನೆ. ಎಡಕ್ಕೆ ಆಸ್ಪತ್ರೆ, ಸುಮಾರು ದೂರ. ಬೀದಿದೀಪ ಒಂದೇ ಒಂದು, ಅದೂ ಚಿರ್... ಚಿರ್... ಎನ್ನುತ್ತ ಹತ್ತಿ ಆರುತ್ತಿತ್ತು. ಅವಳು ಬಲಕ್ಕೆ ತಿರುಗಿದಳು.

ಗುಳುಕ್.

ನಿಂತಳು.

ಕಪ್ಪೆ ಇರಬಹುದು. ಮತ್ತೆ ಹೆಜ್ಜೆ ಇಟ್ಟಳು. ಕಿರ್ ಎಂದು ಜಾಲರಿಯ ಶಬ್ದ. ಯಾರೋ ಭಾರದವರು ಅದರ ಮೇಲಿಂದ ಏಳುತ್ತಿರುವ ಹಾಗೆ.

"ಎಷ್ಟಾಯ್ತು?"

ತಿರುಗಿ ನೋಡಿದಳು. ಬಾವಿಕಟ್ಟೆಯ ಮೇಲೆ ಒಬ್ಬ ಹೆಂಗಸು. ಇವಳ ವಯಸ್ಸೇ ಇರಬೇಕು. ಅವಳಿಗೂ ತುಂಬಿದ ಹೊಟ್ಟೆ. ಎರಡೂ ಕೈ ಹಿಂದಕ್ಕೆ ಊರಿ, ಸೊಂಟಕ್ಕೆ ಆಸರೆ ಕೊಟ್ಟು ಕೂತಿದ್ದಳು.

"ಏನು... ಎಷ್ಟಾಯ್ತು?" ಟೈಲರಮ್ಮ ಕೇಳಿದಳು.

"ಒದ್ದಿದ್ದು."

"ಮಧ್ಯಾಹ್ನದಿಂದ ಇಲ್ಲ."

"ಬೆಳಗಾಗಲಿ ಅಂದ್ರಾ?"

"ಹೂಂ."

"ನನಗೂ ಅಂದ್ರು." ಆ ಹೆಂಗಸು ಸೆರಗು ಹಿಂಡಿದಳು. ನೀರು ತೊಟ್ಟಿಕ್ಕುವ ಶಬ್ದ ಮಾತ್ರ. ಟಪ್... ಟಪ್... "ಬೆಳಗಾಯ್ತು. ಆಮೇಲೆ ಇಲ್ಲಿಗೆ ಕರ್ಕೊಂಡು ಬಂದ್ರು."

ಇಲ್ಲಿಗೆ ಅಂದರೆ ಬಾವಿಗಾ ಎಂದು ಟೈಲರಮ್ಮ ಕೇಳಲಿಲ್ಲ. ಕೇಳುವ ಧೈರ್ಯ ಯಾರಿಗಿರುತ್ತೆ?

ಹೆಂಗಸು ಎದ್ದು ಬಂದಳು. ಬಂದು ಇವಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಅಯ್ಯೋ, ಆ ಥಂಡಿ! ಸೀರೆ ದಾಟಿ, ಚರ್ಮ ದಾಟಿ, ಒಳಗೆ ಇಳಿಯಿತಂತೆ ಆ ಥಂಡಿ. ಒಳಗೆಲ್ಲೋ ಮೂಲೆಯಲ್ಲಿ... ಮೆಲ್ಲಗೆ... ಒಂದು ಸಲ ಮಿಸುಕಿತು.

"ಒಂದು," ಅಂದಳು ಅವಳು. "ಇದೆ. ಆದ್ರೆ ಸೋತಿದೆ. ನಡಿ ತಂಗಿ, ಎಡಕ್ಕೆ."

"ಮನೇಲಿ ಬೈತಾರೆ..."

"ಬೈಸ್ಕೊಳ್ಳೋಕಾದ್ರೂ ಇಬ್ರೂ ಬದುಕಿರಬೇಕಲ್ಲ?"

ಟೈಲರಮ್ಮ ಎಡಕ್ಕೆ ತಿರುಗಿದಳು.

ಇಬ್ಬರೂ ನಡೆದರು. ಟೈಲರಮ್ಮನ ಚಪ್ಪಲಿ ಚಟಪಟ, ಚಟಪಟ. ಇನ್ನೊಬ್ಬಳದು ಸದ್ದೇ ಇಲ್ಲ. ನೀವು ಕೇಳಬಹುದು, ದೆವ್ವದ ಕಾಲು ನೋಡಲಿಲ್ಲವಾ ಅಂತ. ಒಂಬತ್ತು ತಿಂಗಳಲ್ಲಿ ಹೊಟ್ಟೆ ದಾಟಿ ತನ್ನ ಕಾಲೇ ಕಾಣದು ಹೆಂಗಸಿಗೆ, ಇನ್ನೊಬ್ಬರ ಕಾಲು ಎಲ್ಲಿ ನೋಡ್ತಾಳೆ! ಔಷಧಿ ಅಂಗಡಿ ಮುಚ್ಚಿತ್ತು. ಆಟೋ ಒಂದೂ ಇಲ್ಲ. ಎರಡು ಕಡೆ ಅವಳಿಗೆ ಹೊಟ್ಟೆ ಕಲ್ಲಿನಂತೆ ಬಿಗಿದು, ಗೋಡೆ ಹಿಡಿದು ನಿಂತಳು. ಆ ಹೆಂಗಸು ಬೆನ್ನ ಮೇಲೆ ಅಂಗೈ ಒತ್ತಿ, "ಬಾಯಲ್ಲಿ ಉಸಿರು ಬಿಡು... ನಿಧಾನ... ಹೋಯ್ತು ನೋಡು," ಅಂದಳು.

ನಡುವೆ ಒಂದು ಮಾತು ಕೇಳಿದಳಂತೆ.

"ಚಾರ್ಟು ಈಗಲೂ ಹಸಿರು ಪೆನ್ನಲ್ಲೇ ಬರೀತಾನಾ?"

ಆಗ ಗೊತ್ತಾಯಿತು ಟೈಲರಮ್ಮನಿಗೆ, ತನ್ನ ಪಕ್ಕ ನಡೆಯುತ್ತಿರುವವಳು ಯಾರು ಅಂತ. ಓಡಬೇಕು ಅನ್ನಿಸಿತು. ಓಡಲಿಲ್ಲ. ಆಮೇಲೆ ಅವಳು ನನ್ನ ಹತ್ತಿರ ಹೇಳಿದ್ದು ಇದು. "ಓಡಿ ಎಲ್ಲಿಗೆ ಹೋಗ್ಲಿ ಅಜ್ಜಿ? ಆ ಮನೆಗೆ ಹೋಗೋದಕ್ಕಿಂತ ಇವಳ ಜೊತೆಗೇ ವಾಸಿ ಅನ್ನಿಸ್ತು."

ಅಷ್ಟರಲ್ಲಿ ಫೋನು ಬಂತು.

"ಎಲ್ಲಿದ್ದೀಯ?" ಟೈಮ್‌ಕೀಪರ್. "ಅಂಗಡಿಯಿಂದ ಮನೆಗೆ ಎಂಟೇ ನಿಮಿಷ. ಈಗಾಗಲೇ ಹದಿನಾರಾಯ್ತು."

"ಆಸ್ಪತ್ರೆಗೆ ಹೋಗ್ತಿದ್ದೀನಿ."

"ಬ್ಯಾಗಿಲ್ಲದೆ?"

ಕೇಳಿ, ಕೇಳಿ. ಮಗು ಬದುಕಿದೆಯಾ ಅಂತ ಅಲ್ಲ. ಬ್ಯಾಗಿಲ್ಲದೆ!

"ಫೈಲು ಬ್ಯಾಗಲ್ಲಿದೆ! ಫೈಲಿಲ್ಲದೆ ಸೇರಿಸ್ಕೊಳ್ಳಲ್ಲ. ವಾಪಸ್ ಬಾ!"

ಅತ್ತೆ ಫೋನು ಕಿತ್ತುಕೊಂಡಳು. "ಏನೇ ಇದು? ರಾತ್ರಿ ಹೊತ್ತು ಬೀದಿ ಸುತ್ತುತೀಯಾ? ಯಾರಿದ್ದಾರೆ ನಿನ್ನ ಜೊತೆ? ಓಡಿಹೋದವಳ ಜಾಗಕ್ಕೆ ಇನ್ನೊಬ್ಬಳು ಓಡೋಳು ಬಂದ್ಲು ಅಂತ ಜನ ಉಗೀಬೇಕಾ?"

ಟೈಲರಮ್ಮನ ಕೈಯಿಂದ ಫೋನು ಮೆಲ್ಲಗೆ ಜಾರಿತು. ಆ ಹೆಂಗಸು ತೆಗೆದುಕೊಂಡಿದ್ದಳು. ಕಿವಿಗಿಟ್ಟುಕೊಂಡು, ಬಹಳ ಮರ್ಯಾದೆಯಿಂದ, ಮನೆಯ ಸೊಸೆ ಮಾತಾಡುವ ಹಾಗೇ ಮಾತಾಡಿದಳು.

"ಅತ್ತೇ... ನಾನಿದ್ದೀನಿ ಜೊತೆಗೆ. ನೀವು ಮಲ್ಕೊಳ್ಳಿ."

ಆ ಕಡೆ ಠಣ್ಣನೆ ಏನೋ ನೆಲಕ್ಕೆ ಬಿದ್ದು, ಟಣ ಟಣ ಟಣ ಎಂದು ಬಹಳ ಹೊತ್ತು ತಿರುಗಿ ನಿಂತಿತು. ಆಮೇಲೆ ಒಂದು ಕೂಗು. ಮನುಷ್ಯರ ಕೂಗಿನಂತಿರಲಿಲ್ಲ ಅದು.

ಮತ್ತೆ ಫೋನು ಬರಲಿಲ್ಲ.

ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು ಫೈಲೂ ಕೇಳಲಿಲ್ಲ, ಬ್ಯಾಗೂ ಕೇಳಲಿಲ್ಲ. ಮುಖ ನೋಡಿದವಳೇ ಮಂಚಕ್ಕೆ ಒರಗಿಸಿ, ಹೊಟ್ಟೆಗೆ ಪಟ್ಟಿ ಕಟ್ಟಿ ಮೆಷಿನ್ ಹಚ್ಚಿದಳು. ಡುಬು... ಡುಬು... ಡುಬು... ಮಗುವಿನ ಎದೆಬಡಿತ. ಬೇಗ ಇರಬೇಕಾದ್ದು ನಿಧಾನವಾಗುತ್ತಿತ್ತು. ಡುಬು... ... ಡುಬು. ನರ್ಸು ಓಡಿದಳು. ಡಾಕ್ಟರಮ್ಮ ಮನೆಯಿಂದ ಕೂದಲು ಸಹ ಕಟ್ಟದೆ ಬಂದರು. ಹೊಕ್ಕಳುಬಳ್ಳಿ ಕತ್ತಿಗೆ ಎರಡು ಸುತ್ತು ಸುತ್ತಿತ್ತಂತೆ. ಆಪರೇಷನ್ ಮಾಡಿ ಹನ್ನೊಂದೂವರೆಯೊಳಗೆ ತೆಗೆದರು.

ಹೆಣ್ಣುಮಗು. ಮೊದಲು ಅಳಲಿಲ್ಲ. ಬೆನ್ನುಜ್ಜಿದರು, ಬಾಯಿ ಒರೆಸಿದರು. ಆಮೇಲೆ ಆಸ್ಪತ್ರೆ ಎದ್ದು ಕೂರುವ ಹಾಗೆ ಕಿರುಚಿತು. ಬೆಳಗಿನ ತನಕ ಕಾದಿದ್ದರೆ ಎಂದು ಡಾಕ್ಟರಮ್ಮ ಶುರು ಮಾಡಿದರು, ತಾಯಿಯ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಬೆಳಿಗ್ಗೆ ಆರಕ್ಕೆ ಟೈಮ್‌ಕೀಪರ್ ಬಂದ. ಬ್ಯಾಗು ತಂದಿದ್ದ. ದಿಂಬೂ ಇತ್ತು. ಮಗುವಿನ ಕಡೆ ಒಂದು ಸಲ ನೋಡಿದ, ಹೆಂಡತಿಯ ಕಡೆ ಅದೂ ಇಲ್ಲ. "ಅಮ್ಮನಿಗೆ ರಾತ್ರಿಯಿಂದ ಮಾತು ಬರ್ತಿಲ್ಲ," ಅಂದ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, "ಸಿಸ್ಟರ್, ಕರೆಕ್ಟಾಗಿ ಎಷ್ಟು ಗಂಟೆಗೆ?" ಅಂತ ಕೇಳಿದ. ನರ್ಸು ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವು ಬರೋಕೆ ಮುಂಚೆ," ಅಂದಳು. ಆ ನರ್ಸು ಎಲ್ಲಿದ್ದರೂ ಚೆನ್ನಾಗಿರಲಿ.

ಟೈಲರಮ್ಮ ಗಂಡನನ್ನು ಹತ್ತಿರ ಕರೆದು, ಗಟ್ಟಿಯಾಗಿ ಮಾತಾಡಲಾಗದೆ ಪಿಸುಗುಟ್ಟಿದಳು.

"ನಿನ್ನ ಮೊದಲನೇ ಹೆಂಡತಿ ಎಲ್ಲಿಗೆ ಓಡಿಹೋದ್ಲು?"

"ಈಗ್ಯಾಕೆ ಅದು?"

"ಎಲ್ಲಿಗೆ?"

ಅವನು ಗಡಿಯಾರ ನೋಡಿದ. ಡ್ಯೂಟಿಗೆ ಹೊತ್ತಾಯಿತು ಅಂದ. ಹೋದ. ಗಂಡಸಂತೆ ಗಂಡಸು! ಅವಳು ಅಲ್ಲಿಂದ ಆ ಮನೆಗೆ ಕಾಲಿಡಲಿಲ್ಲ. ಅಂಗಡಿಯ ಮೇಲಿನ ಕೋಣೆಯಲ್ಲಿ ಮಗುವನ್ನು ಇಟ್ಟುಕೊಂಡು ಇದ್ದಾಳೆ. ಉಳಿದ ನಲವತ್ತು ಅಂಗಿ ತಡವಾಯಿತು, ಯಾರ ಗಂಟೂ ಹೋಗಲಿಲ್ಲ.

ಇಷ್ಟೇ ಆಗಿದ್ದರೆ ನೀವು ಹೇಳಬಹುದು, ಬಸುರಿ ಹೆಂಗಸು, ಹೆದರಿದ್ದಳು, ಕತ್ತಲಲ್ಲಿ ಏನೋ ಕಂಡಿರಬೇಕು ಅಂತ. ನಾನೂ ಮೊದಲು ಹಾಗೇ ಅಂದುಕೊಂಡೆ. ಆದರೆ ಅವತ್ತು ಬೆಳಿಗ್ಗೆ ಏಳು ಗಂಟೆಗೆ ವಾರ್ಡಿನ ಆಯಾ ಗೊಣಗುತ್ತ ಬಂದಳು. ದೆವ್ವಗಿವ್ವ ಅಂದರೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಹೆಂಗಸು ಅವಳು, ಬಾಯಿ ದೊಡ್ಡದು, ಸುಳ್ಳು ಹೇಳುವ ಪೈಕಿ ಅಲ್ಲ.

"ಏನಮ್ಮಾ, ರಾತ್ರಿ ನಿನ್ನ ಜೊತೆ ಬಂದಿದ್ಲಲ್ಲ, ಅವಳೂ ದಿನ ತುಂಬಿದವಳು, ಎಲ್ಲಿ ಅವಳು?"

ಟೈಲರಮ್ಮ ಮಗುವನ್ನು ಎದೆಗೆ ಒತ್ತಿಕೊಂಡಳು.

"ಆಪರೇಷನ್ ಮುಗಿಯೋ ತನಕ ಬಾಗಿಲಲ್ಲೇ ನಿಂತಿದ್ಲು ಪಾಪ. ಮಗು ಅತ್ತ ಮೇಲೆ ಬೆಂಚಿನ ಮೇಲೆ ಕೂತ್ಲು. ಟೀ ಕೊಟ್ಟೆ. ಸಕ್ಕರೆ ಬೇಡ ಅಂದ್ಲು. ಕುಡಿದು ಲೋಟ ವಾಪಸ್ ಕೊಡೋದು ಬೇಡ್ವಾ? ಬೆಂಚಿನ ಮೇಲೂ ಇಲ್ಲ, ಕೆಳಗೂ ಇಲ್ಲ. ನನ್ನ ತಲೆಗೆ ಕಟ್ತಾರೆ ಅದನ್ನ."

ಆ ವಾರ್ಡಿಗೆ ಹನ್ನೆರಡು ಸ್ಟೀಲಿನ ಲೋಟ ಕೊಟ್ಟಿದ್ದರು. ಇವತ್ತಿಗೂ ಹನ್ನೊಂದೇ ಇವೆ. ನಂಬದವರು ಹೋಗಿ ಎಣಿಸಿಕೊಂಡು ಬನ್ನಿ.